ಅಪ್ಪನ ಹಾರ್ಟಿನ ಮದ್ದು ಜನೆರಿಕ್‌ಗೆ ಬದಲಿಸ್ಬಹುದಾ? ಕುಡ್ಲ (ಮಂಗಳೂರು), ಉಡುಪಿ ಕಡೆಯವ್ರು ಗೊತ್ತಿದ್ದವ್ರು ಹೇಳಿ

ಸುರತ್ಕಲ್_ಗಾಳಿ
ನಮಸ್ಕಾರ ಎಲ್ರಿಗೂ. ಅಪ್ಪನಿಗೆ 68 ವರ್ಷ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದು. ಬಿಪಿ ಉಂಟು, ಶುಗರೂ ಉಂಟು. ದಿನಕ್ಕೆ ಏಳು ಗುಳಿಗೆ, ತಿಂಗಳಿಗೆ ಮೆಡಿಕಲ್ ಬಿಲ್ಲೇ 3,400 ಆಸುಪಾಸು ಬರ್ತದೆ. ಪಕ್ಕದ ಮನೆಯ ಮಾವ ಹೇಳಿದ್ರು ಕೇಂದ್ರ ಸರಕಾರದ ಕಮ್ಮಿ ಕ್ರಯದ ಮದ್ದಿನಂಗಡಿ ಜನೌಷಧಿಯಲ್ಲಿ ತೆಗೊಂಡ್ರೆ ಸಾವಿರದೊಳಗೆ ಮುಗೀತದೆ ಅಂತ. ಅಪ್ಪ ಕೇಳುವುದೇ ಇಲ್ಲ, "ಮೀನು ಬೇಕಾದ್ರೆ ಕ್ರಯ ನೋಡಿ ತೆಗೊಳ್ಳುವ, ಹಾರ್ಟಿನ ಮದ್ದಿಗೆ ಎಂತ ಚೌಕಾಸಿ" ಅಂತ ಹೇಳ್ತಾರೆ.

ಮೊನ್ನೆ ನಾನೇ ಚೀಟಿ ಹಿಡ್ಕೊಂಡು ಎರಡು ಮೆಡಿಕಲ್‌ಗೆ ಹೋಗಿ "ಇದ್ರದ್ದೇ ಜನೆರಿಕ್ ಕೊಡಿ" ಅಂತ ಕೇಳಿದೆ. ಒಂದನೆಯವ ಚೀಟಿ ಸರಿ ನೋಡ್ಲೂ ಇಲ್ಲ, ಟಕಟಕ ಅಂತ ಬೇರೆ ಸ್ಟ್ರಿಪ್ ತೆಗ್ದು ತೊಟ್ಟೆಗೆ ಹಾಕಿದ. ನನಗೇ ಹೆದರಿಕೆಯಾಗಿ ಬೇಡ ಅಂತ ವಾಪಸ್ ಕೊಟ್ಟೆ. ಎರಡನೆಯವ್ರು "ಚೀಟಿಯಲ್ಲಿ ಬರ್ದದ್ದು ಬಿಟ್ಟು ಬೇರೆ ಕೊಡ್ಲಿಕ್ಕೆ ಆಗುದಿಲ್ಲ, ಡಾಕ್ಟ್ರತ್ರ ಬರ್ಸಿಕೊಂಡು ಬನ್ನಿ" ಅಂದ್ರು. ಇವ್ರಿಬ್ಬರಲ್ಲಿ ಯಾರು ಸರಿ ಮಾರಾಯ್ರೆ? ಎರಡನೆಯವ್ರು ಲಾಭಕ್ಕೆ ಹಾಗೆ ಹೇಳಿದ್ದಾ?

ಗೋಳಿಬಜೆ_ಗಿರಾಕಿ
ನಮ್ಮ ಅಮ್ಮನಿಗೆ ನಾಲ್ಕು ವರ್ಷದಿಂದ ಬಿಪಿ, ಕೊಲೆಸ್ಟ್ರಾಲ್ ಎರಡೂ ಜನೌಷಧಿಯದ್ದೇ. ರಕ್ತ ಪರೀಕ್ಷೆ ಎಲ್ಲ ನಾರ್ಮಲ್ ಬರ್ತಾ ಉಂಟು. ಎಂತದೂ ಆಗ್ಲಿಲ್ಲ. ಸುಮ್ಮನೆ ಹೆದ್ರಬೇಡಿ, ತೆಗೊಳ್ಳಿ.

ಕೌಂಟರ್_ಹಿಂದಿನವ
ನಾನು ಫಾರ್ಮಸಿಸ್ಟ್, ಉಡುಪಿ ಕಡೆ, 19 ವರ್ಷ ಆಯ್ತು ಈ ಕೌಂಟರ್ ಹಿಂದೆ ನಿಂತು. ಸ್ವಲ್ಪ ಉದ್ದ ಬರೀತೇನೆ, ಬೇಜಾರ್ ಮಾಡ್ಬೇಡಿ.

ಎರಡನೆಯವ್ರು ಸರಿ. ಲಾಭದ ವಿಷಯ ಅಲ್ಲ ಅದು, ಕಾನೂನೇ ಹಾಗೆ ಉಂಟು. 1945ರ ಡ್ರಗ್ಸ್ ರೂಲ್ಸ್‌ನಲ್ಲಿ 65ನೇ ನಿಯಮದ 11ಎ ಅಂತ ಒಂದು ಬರ್ತದೆ. ಚೀಟಿಯಲ್ಲಿ ಶೆಡ್ಯೂಲ್ ಎಚ್ (ಡಾಕ್ಟ್ರ ಚೀಟಿ ಇದ್ರೆ ಮಾತ್ರ ಕೊಡುವ ಪಟ್ಟಿ) ಮದ್ದು ಬರ್ದಿದ್ರೆ ಅದ್ರ ಬದಲಿಗೆ ಬೇರೆ ಕೊಡುವ ಹಾಗಿಲ್ಲ, ಒಳಗೆ ಅದೇ ಸಾಲ್ಟ್, ಅಂದ್ರೆ ಅದೇ ಮೂಲ ಮದ್ದು ಇದ್ರೂ ಸಹ ಇಲ್ಲ. ಬಿಪಿ, ಶುಗರ್, ಹಾರ್ಟ್ ಇದೆಲ್ಲದರ ಮದ್ದು ಹೆಚ್ಚಿನದ್ದು ಶೆಡ್ಯೂಲ್ ಎಚ್‌ನಲ್ಲೇ ಬರುವುದು, ಸ್ಟ್ರಿಪ್ ಮೇಲೆ ಕೆಂಪು ಗೆರೆ, ಆರ್‌ಎಕ್ಸ್ ಗುರುತು ನೋಡಿರ್ಬಹುದು. ಚೀಟಿಯಲ್ಲಿ ಕಂಪೆನಿ ಹೆಸರು ಬರ್ದಿದ್ರೆ ನಾನು ಅದನ್ನೇ ಕೊಡ್ಬೇಕು. ಸಾಲ್ಟ್ ಹೆಸರು ಬರ್ದಿದ್ರೆ ಆ ಸಾಲ್ಟಿನ ಯಾವ ಕಂಪೆನಿಯದ್ದೂ ಕೊಡ್ಬಹುದು. ಇಷ್ಟೇ ವ್ಯತ್ಯಾಸ, ಆದ್ರೆ ಇದು ಗೊತ್ತಿಲ್ಲದೆ ದಿನಕ್ಕೆ ಹತ್ತು ಜನ ನನ್ನತ್ರ ಜಗಳಕ್ಕೆ ಬರ್ತಾರೆ. ಚೀಟಿ ನೋಡದೆ ಬದಲಿಸಿ ಕೊಟ್ಟ ಒಂದನೆಯವನ ಅಂಗಡಿಗೆ ನೀವು ಪುನಃ ಹೋಗ್ಬೇಡಿ ಅಂತ ನಾನು ಹೇಳ್ತೇನೆ, ಅವ ಇವತ್ತು ಕ್ರಯ ಕಮ್ಮಿದಕ್ಕೆ ಬದಲಿಸಿದವ ನಾಳೆ ಸ್ಟಾಕ್ ಇಲ್ಲ ಅಂತ ಬೇರೆ ಎಂತದಾದ್ರೂ ಕೊಟ್ಟಾನು.

ಮತ್ತೆ ಈ "ಜನೆರಿಕ್" ಅಂದ್ರೆ ಎಂತ ಅಂತಲೇ ದೊಡ್ಡ ಗೊಂದಲ. ಪೇಟೆಂಟ್ ಮುಗ್ದ ಮದ್ದನ್ನು ಮೂಲ ಕಂಪೆನಿ ಬಿಟ್ಟು ಬೇರೆ ಯಾರು ಮಾಡಿದ್ರೂ ಅದು ಜನೆರಿಕ್ಕೇ. ನಿಮ್ಮಪ್ಪ ಈಗ ತಿನ್ನುವ ಆ ಚಂದದ ಹೆಸರಿನ ಕ್ರಯದ ಗುಳಿಗೆಯೂ ಹೆಚ್ಚುಕಮ್ಮಿ ಜನೆರಿಕ್ಕೇ, ಕಂಪೆನಿ ಅದಕ್ಕೊಂದು ಹೆಸರಿಟ್ಟಿದೆ ಅಷ್ಟೆ. ಅಟೊರ್ವಾಸ್ಟಾಟಿನ್, ಟೆಲ್ಮಿಸಾರ್ಟನ್, ಕ್ಲೊಪಿಡೊಗ್ರೆಲ್, ಮೆಟ್‌ಫಾರ್ಮಿನ್ ಇದ್ರ ಪೇಟೆಂಟ್ ಎಲ್ಲ ಯಾವ ಕಾಲದಲ್ಲೋ ಮುಗ್ದದ್ದು. ಹಾಗಾಗಿ ನಿಮ್ಮಪ್ಪ ಈಗಲೇ ಜನೆರಿಕ್ ತಿನ್ನುತ್ತಿದ್ದಾರೆ, ಅವ್ರಿಗೆ ಹೇಳ್ಬೇಡಿ 🙂

ಸುರತ್ಕಲ್_ಗಾಳಿ
ಅಯ್ಯೋ ದೇವ್ರೆ, ಇದು ಗೊತ್ತೇ ಇರ್ಲಿಲ್ಲ. ಹಾಗಾದ್ರೆ ಜನೌಷಧಿಯವ್ರು ಹೇಗೆ ಬದಲಿಸಿ ಕೊಡುವುದು? ಅವ್ರಿಗೆ ಬೇರೆ ಕಾನೂನಾ?

ಕೌಂಟರ್_ಹಿಂದಿನವ
ಬೇರೆ ಇಲ್ಲ. ಅವ್ರದ್ದೂ ನಮ್ಮ ಹಾಗೇ 20, 21 ಫಾರ್ಮಿನ ಲೈಸೆನ್ಸ್, ಅವ್ರಲ್ಲೂ ರಿಜಿಸ್ಟರ್ಡ್ ಫಾರ್ಮಸಿಸ್ಟ್ ಇರ್ಬೇಕು, ಚೀಟಿ ಬೇಕು. ಹಾಗಾಗಿ ಎಲ್ಲದಕ್ಕಿಂತ ಸುಲಭದ ದಾರಿ ಅಂದ್ರೆ ಮುಂದಿನ ಸಲ ಡಾಕ್ಟ್ರತ್ರ ಹೋದಾಗ "ಸಾಲ್ಟ್ ಹೆಸರಲ್ಲಿ ಬರ್ದು ಕೊಡಿ ಡಾಕ್ಟ್ರೆ, ದೊಡ್ಡ ಅಕ್ಷರದಲ್ಲಿ" ಅಂತ ಕೇಳಿ. ನೀವು ಕೇಳುವುದು ಹೆಚ್ಚಿನದ್ದೇನಲ್ಲ, ವೈದ್ಯರ ನಡತೆಯ ನಿಯಮಕ್ಕೆ 2016ರಲ್ಲಿ ಮೆಡಿಕಲ್ ಕೌನ್ಸಿಲ್ ತಿದ್ದುಪಡಿ ಮಾಡಿ ಜನೆರಿಕ್ ಹೆಸರು, ಓದ್ಲಿಕ್ಕೆ ಆಗುವ ಹಾಗೆ, ಆದಷ್ಟು ಕ್ಯಾಪಿಟಲ್ ಅಕ್ಷರದಲ್ಲಿ ಬರೀಬೇಕು ಅಂತ ಹೇಳಿದೆ.

ಇನ್ನೊಂದು, "3 ತಿಂಗಳಿಗೆ" ಅಂತ ಚೀಟಿಯಲ್ಲೇ ಬರ್ಸಿಕೊಳ್ಳಿ. ಪುನಃ ಕೊಡ್ಬಹುದು ಅಂತ ಡಾಕ್ಟ್ರು ಬರೀದಿದ್ರೆ ಒಂದು ಚೀಟಿಗೆ ಒಂದೇ ಸಲ ಕೊಡ್ಲಿಕ್ಕಿರುವುದು. ಐದು ವರ್ಷ ಹಳೆಯ, ಮಡಚಿ ಮಡಚಿ ನಾಲ್ಕು ತುಂಡಾದ ಚೀಟಿ ತರ್ತಾರೆ ಜನ, ಅದ್ರಲ್ಲಿ ಡಾಕ್ಟ್ರ ಹೆಸರೂ ಅಳಿಸಿ ಹೋಗಿರ್ತದೆ.

ಕುಂದಾಪ್ರ_ಹೈದ
ಹ್ವಾಯ್, ಒಂದ್ ಮಾತ್ ಕೇಣಿ. (ಪೂರಾ ನಮ್ಮ ಭಾಷೆಲಿ ಬರೆದ್ರೆ ಕುಡ್ಲದವ್ರಿಗೆ ಗೊತ್ತಾತಿಲ್ಲೆ, ಹಾಂಗಾಯಿ ಬಿಟ್ಟೆ.)

ನಾನು ಕೇಳಿದ್ದೆ ಡಾಕ್ಟ್ರತ್ರ ಹಾಗೆ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ್ರು. "ನಿಮ್ಗೆ ಮದ್ದು ಬೇಕಾ, ಡಿಸ್ಕೌಂಟ್ ಬೇಕಾ" ಅಂದ್ರು. ಹೆಂಡತಿ ಎದುರು ಮರ್ಯಾದೆ ಹೋಯ್ತು. ಮತ್ತೆ ಅವ್ರು ಹೇಳಿದ್ದು ಕ್ವಾಲಿಟಿಗೆ ಗ್ಯಾರಂಟಿ ಇಲ್ಲ ಅಂತ. ಅದೂ ಸುಳ್ಳಂತ ಹೇಗೆ ಹೇಳುವುದು? 2024 ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಡ್ರಿಪ್ ಬಾಟ್ಲಿ ಮೇಲೇ ಸಂಶಯ ಬಂದದ್ದಲ್ವಾ. 2025 ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಹೋದ್ರು. ಇದೆಲ್ಲ ನೋಡಿದ ಮೇಲೆ ಕಮ್ಮಿ ಕ್ರಯ ಅಂದ್ರೇ ಒಂದು ನಮೂನೆ ಆಗ್ತದೆ.

ವಾರ್ಡ್_ಡ್ಯೂಟಿ
ಡಾಕ್ಟರೇ ಮಾತಾಡುವುದು, ದೇರಳಕಟ್ಟೆ ಸುತ್ತಮುತ್ತ ಕೆಲಸ, ನೈಟ್ ಡ್ಯೂಟಿ ಮುಗಿಸಿ ಬರೀತಾ ಇದ್ದೇನೆ ಹಾಗಾಗಿ ಸ್ಪೆಲ್ಲಿಂಗ್ ಹೆಚ್ಚು ಕಮ್ಮಿ ಆದ್ರೆ ಕ್ಷಮಿಸಿ.

ಕುಂದಾಪ್ರದವ್ರ ಹೆದರಿಕೆ ಸುಮ್ಮನೆ ಅಲ್ಲ. ಆದ್ರೆ ಅದಕ್ಕೂ ಕ್ರಯಕ್ಕೂ ನೇರ ಸಂಬಂಧ ಇಲ್ಲ. ಛಿಂದ್ವಾಡದ ಸಿರಪ್ಪಿಗೂ ಒಂದು ಬ್ರಾಂಡ್ ಹೆಸರು ಇತ್ತು, ಅಂಗಡಿಯಲ್ಲಿ ಹೆಸರು ಹೇಳಿ ಮಾರಿದ್ದು ಅದನ್ನು. ದೊಡ್ಡ ಹೆಸರು ಬೇಕಾ, ರ‍್ಯಾನ್‌ಬ್ಯಾಕ್ಸಿ ಒಂದು ಕಾಲದಲ್ಲಿ ದೇಶದ್ದೇ ದೊಡ್ಡ ಕಂಪೆನಿ, 2013ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಪ್ರತಿ ತಿಂಗಳು ಗುಣಮಟ್ಟ ಸರಿ ಇಲ್ಲದ ಮದ್ದಿನ ಪಟ್ಟಿ ಹಾಕ್ತದೆ, ಬ್ಯಾಚ್ ನಂಬರ್ ಸಮೇತ. ಅದ್ರಲ್ಲಿ ಹೆಸರಿದ್ದದ್ದೂ ಇರ್ತದೆ ಹೆಸರಿಲ್ಲದ್ದೂ ಇರ್ತದೆ. ಜನೌಷಧಿಯ ಮದ್ದು ಡಬ್ಲ್ಯುಎಚ್‌ಒ ಜಿಎಂಪಿ (ಒಳ್ಳೆಯ ತಯಾರಿಕೆಯ ಸರ್ಟಿಫಿಕೇಟ್) ಇರುವ ಕಾರ್ಖಾನೆಯಿಂದ ಬರುವುದು, ಬ್ಯಾಚ್ ಬ್ಯಾಚ್ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಮತ್ತೆ ಅಂಗಡಿಗೆ ಕಳಿಸುವ ಕ್ರಮ ಉಂಟು. ನನ್ನ ಅಮ್ಮನ ಅಮ್ಲೋಡಿಪಿನ್ ಅಲ್ಲಿಂದಲೇ ತರುವುದು ನಾನು.

ಹಾಗಂತ ಎಲ್ಲವನ್ನೂ ಕಣ್ಣುಮುಚ್ಚಿ ಬದಲಿಸ್ಲಿಕ್ಕೆ ಆಗುದಿಲ್ಲ. ಥೈರಾಯ್ಡಿನ ಲೆವೋಥೈರಾಕ್ಸಿನ್, ಫಿಟ್ಸಿನ ಫಿನೈಟಾಯಿನ್, ರಕ್ತ ತೆಳು ಮಾಡುವ ವಾರ್ಫರಿನ್, ಕಿಡ್ನಿ ಬದಲಿಸಿದವ್ರು ತೆಗೊಳ್ಳುವ ಟ್ಯಾಕ್ರೋಲಿಮಸ್, ಇದಕ್ಕೆಲ್ಲ ರಕ್ತದಲ್ಲಿ ಪ್ರಮಾಣ ಸ್ವಲ್ಪ ಆಚೀಚೆ ಆದ್ರೂ ತೊಂದರೆ. ಒಂದು ಕಂಪೆನಿಯದ್ದು ಸರಿ ಹೊಂದಿದ ಮೇಲೆ ಅದನ್ನೇ ಹಿಡ್ಕೊಂಡು ಹೋಗುವುದು ಒಳ್ಳೆಯದು, ಬದಲಿಸಲೇಬೇಕಾದ್ರೆ ಡಾಕ್ಟ್ರಿಗೆ ಹೇಳಿ ಟೆಸ್ಟ್ ಮಾಡ್ಸಿ ಬದಲಿಸುವುದು. ಮತ್ತೆ ನೀರಿನಲ್ಲಿ ಸರಿ ಕರಗದ ಜಾತಿಯ ಮದ್ದುಗಳಿಗೆ ಮೂಲ ಮದ್ದಿನಷ್ಟೇ ರಕ್ತಕ್ಕೆ ಸೇರ್ತದಾ ಅಂತ ತೋರಿಸುವ ಪರೀಕ್ಷೆ ಕಡ್ಡಾಯ ಆದದ್ದು 2017ರಲ್ಲಿ. ಅದಕ್ಕೆ ಮೊದಲು ಲೈಸೆನ್ಸ್ ಸಿಕ್ಕಿದವ್ರದ್ದು ಬೇರೆ ಕತೆ. ಹಳೆ ಡಾಕ್ಟ್ರುಗಳ ಸಂಶಯ ಅಲ್ಲಿಂದ ಬಂದದ್ದು, ಎಲ್ರೂ ಕಮಿಷನ್ನಿಗೇ ಹಾಗೆ ಹೇಳುವುದು ಅಂತ ತಿಳ್ಕೊಳ್ಬೇಡಿ. (ಕಮಿಷನ್ನಿಗೆ ಹೇಳುವವ್ರೂ ಇದ್ದಾರೆ, ಅದನ್ನು ನಾನು ಇಲ್ಲ ಅಂತ ಹೇಳುದಿಲ್ಲ.) 2023 ಆಗಸ್ಟಿನಲ್ಲಿ ಜನೆರಿಕ್ ಹೆಸರೇ ಬರೀಬೇಕು, ಇಲ್ಲದಿದ್ರೆ ಶಿಸ್ತುಕ್ರಮ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಹೊಸ ನಿಯಮ ತಂತು, ಡಾಕ್ಟ್ರುಗಳೆಲ್ಲ ಗಲಾಟೆ ಮಾಡಿದ ಮೇಲೆ ಅದೇ ತಿಂಗಳು ತಡೆಹಿಡಿದ್ರು.

ಪಡುಬಿದ್ರಿ_ಅಕ್ಕ
ಎಲ್ರೂ ಮದ್ದಿನ ಕ್ವಾಲಿಟಿ ಕ್ವಾಲಿಟಿ ಅಂತ ಹೇಳ್ತೀರಿ, ನಮ್ಮ ಮನೆಯಲ್ಲಿ ಆದದ್ದು ಬೇರೆ, ಅದನ್ನು ಹೇಳ್ತೇನೆ.

ನನ್ನ ಅತ್ತೆಗೆ 72. ಬಿಪಿಗೆ ಟೆಲ್ಮಿಸಾರ್ಟನ್, ಕಂಪೆನಿ ಹೆಸರಿನದ್ದು ತಿನ್ನುತ್ತಿದ್ರು. ಮಗ ಮಣಿಪಾಲಕ್ಕೆ ಹೋದವ ಬರುವಾಗ ಕಮ್ಮಿಗೆ ಸಿಕ್ಕಿತು ಅಂತ ಜನೆರಿಕ್ ಎರಡು ತಿಂಗಳದ್ದು ತಂದು ಕೊಟ್ಟ. ಕೊಟ್ಟು ಬೆಂಗಳೂರು ಬಸ್ಸು ಹತ್ತಿದ. ಹಳೆ ಸ್ಟ್ರಿಪ್ಪೂ ಇತ್ತು ಮನೆಯಲ್ಲಿ. ಅತ್ತೆಗೆ ಹಳೆಯದ್ದು ಅಂದ್ರೆ ನೀಲಿ ಸ್ಟ್ರಿಪ್, ಹೊಸದು ಬಿಳಿ ಸ್ಟ್ರಿಪ್. ಅವ್ರು ಬಣ್ಣದಲ್ಲೇ ಗುರ್ತು ಇಟ್ಟುಕೊಂಡವ್ರು, ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ. "ಮಗ ಹೊಸ ಮದ್ದು ತಂದಿದ್ದಾನೆ" ಅಂತ ಎರಡೂ ತಿಂದಿದ್ದಾರೆ, ಹನ್ನೊಂದು ದಿನ!! ನಾನು ಕೇಳಿದ್ರೆ "ಮದ್ದು ಆಯ್ತು ಆಯ್ತು" ಅಂತ ಹೇಳ್ತಿದ್ರು, ಆಯ್ತು ಅಂದ್ರೆ ಆಯ್ತು, ನಾನು ಎಣಿಸಿ ನೋಡ್ಲಿಕ್ಕೆ ಹೋಗ್ಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲಿಗೆ ಹೋದವ್ರು ತಲೆ ತಿರುಗಿ ಹಂಡೆ ಹತ್ರ ಕೂತುಬಿಟ್ರು. ಬಿದ್ದದ್ದಲ್ಲ, ಗೋಡೆ ಹಿಡ್ಕೊಂಡು ಕೂತದ್ದು, ಅದೇ ಪುಣ್ಯ. ಬಿಪಿ ನೋಡಿದ್ರೆ 90ಕ್ಕೆ 60. ಆಸ್ಪತ್ರೆಯಲ್ಲಿ ಡಾಕ್ಟ್ರು ಎರಡೂ ಸ್ಟ್ರಿಪ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ "ಅಮ್ಮ, ಇದು ಎರಡೂ ಒಂದೇ" ಅಂದ್ರು. ಅತ್ತೆ ನಂಬ್ಲಿಲ್ಲ ಮಾರಾಯ್ರೆ. "ಅದು ನೀಲಿ, ಇದು ಬಿಳಿ, ಒಂದೇ ಹೇಗೆ ಆಗ್ತದೆ" ಅಂತ ಡಾಕ್ಟ್ರಿಗೇ ಕೇಳಿದ್ರು.

ಈಗ ನಾನು ಏನು ಮಾಡಿದ್ದೇನೆ ಅಂದ್ರೆ ಹೊಸದು ಬಂದ ದಿನವೇ ಹಳೆಯದ್ದನ್ನು ನನ್ನ ಕಪಾಟಿಗೆ. ಸ್ಟ್ರಿಪ್ ಹಿಂದೆ ಮಾರ್ಕರಿನಲ್ಲಿ ಕನ್ನಡದಲ್ಲಿ "ಬಿಪಿ ಬೆಳಿಗ್ಗೆ 1" ಅಂತ ದೊಡ್ಡದಾಗಿ. ಮಗನಿಗೂ ಬೈದಿದ್ದೇನೆ.

ಗೋಳಿಬಜೆ_ಗಿರಾಕಿ
ಅಕ್ಕ ಓದಿ ಮೈ ಜುಂ ಅಂತು. ನಾನು ಮೇಲೆ "ಹೆದ್ರಬೇಡಿ ತೆಗೊಳ್ಳಿ" ಅಂತ ಹಗುರವಾಗಿ ಹೇಳಿದ್ದು ತಪ್ಪಾಯ್ತು.

ವಾರ್ಡ್_ಡ್ಯೂಟಿ
ಪಡುಬಿದ್ರಿ ಅಕ್ಕ ಹೇಳಿದ ಕೇಸು ನಾವು ಕ್ಯಾಶುವಾಲ್ಟಿಯಲ್ಲಿ ಬೇಕಾದಷ್ಟು ನೋಡ್ತೇವೆ. ಟೆಲ್ಮಿಸಾರ್ಟನ್ ಆದದ್ದು ಪುಣ್ಯ, ರಕ್ತ ತೆಳು ಮಾಡುವುದು ಡಬಲ್ ಆಗಿದ್ರೆ, ಶುಗರಿನ ಗ್ಲಿಮಿಪಿರೈಡ್ ಡಬಲ್ ಆಗಿದ್ರೆ ಕತೆ ಬೇರೆಯೇ ಆಗ್ತಿತ್ತು.

ಇದ್ರ ಜೊತೆಗೆ ಹೆಸರಿನ ಬಾಲ ನೋಡ್ಬೇಕು. ಟೆಲ್ಮಿಸಾರ್ಟನ್ ಒಂದೇ ಇದ್ದದ್ದು ಬೇರೆ, ಎಎಂ ಅಂತ ಬಾಲ ಇದ್ರೆ ಅಮ್ಲೋಡಿಪಿನ್ ಸೇರಿದೆ, ಎಚ್ ಅಂತ ಇದ್ರೆ ನೀರು ಇಳಿಸುವ ಮದ್ದು ಸೇರಿದೆ. ಮೆಟ್‌ಫಾರ್ಮಿನ್ ಸಾದಾದ್ದು ಬೇರೆ, ನಿಧಾನ ಬಿಡುವ ಎಸ್‌ಆರ್ ಬೇರೆ. ಎಲ್ಲದಕ್ಕಿಂತ ಮೋಸ ಹೋಗುವುದು ಹಾರ್ಟಿನ ಮದ್ದು ಮೆಟೊಪ್ರೊಲಾಲ್‌ನಲ್ಲಿ. ಸಕ್ಸಿನೇಟ್ ಅಂತ ಇದ್ರೆ ನಿಧಾನ ಬಿಡುವಂಥದ್ದು, ದಿನಕ್ಕೆ ಒಂದು. ಟಾರ್ಟ್ರೇಟ್ ಅಂತ ಇದ್ರೆ ಬೇಗ ಮುಗಿಯುವಂಥದ್ದು, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಎರಡಕ್ಕೂ ಮುಂದಿನ ಹೆಸರು ಒಂದೇ, ಎಂಜಿಯೂ ಒಂದೇ ಇರ್ಬಹುದು. ಸುರತ್ಕಲ್‌ನವ್ರೆ, ಸ್ಟೆಂಟ್ ಹಾಕಿದವ್ರಿಗೆ ಇದು ಹೆಚ್ಚಾಗಿ ಇರ್ತದೆ, ಅಪ್ಪನ ಚೀಟಿಯಲ್ಲಿ ಒಮ್ಮೆ ನೋಡಿ.

ಸ್ಟೆಂಟಿನವ್ರು ಇನ್ನೊಂದು ಗಮನದಲ್ಲಿ ಇಟ್ಕೊಳ್ಳಿ, ಬದಲಿಸುವ ಗಡಿಬಿಡಿಯಲ್ಲಿ ಕ್ಲೊಪಿಡೊಗ್ರೆಲ್, ಆಸ್ಪಿರಿನ್ (ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವಂಥದ್ದು) ಒಂದು ದಿನವೂ ತಪ್ಪಬಾರ್ದು. ಅಲ್ಲಿ ಸಿಗ್ಲಿಲ್ಲ ಇಲ್ಲಿ ಸಿಗ್ಲಿಲ್ಲ ಅಂತ ನಾಲ್ಕು ದಿನ ಬಿಟ್ಟು ಬಂದವ್ರನ್ನು ನೋಡಿದ್ದೇನೆ. ಜನೌಷಧಿ ಪಟ್ಟಿಯಲ್ಲಿ 2,000ಕ್ಕೂ ಹೆಚ್ಚು ಮದ್ದು ಇದ್ರೂ ಎಲ್ಲ ಅಂಗಡಿಯಲ್ಲಿ ಎಲ್ಲ ದಿನ ಎಲ್ಲ ಇರ್ತದೆ ಅಂತ ಇಲ್ಲ. ಹತ್ತು ದಿನ ಮೊದಲೇ ಹೋಗಿ ಕೇಳಿ, ಸಿಗದಿದ್ರೆ ಹಳೆಯದ್ದನ್ನೇ ತೆಗೊಳ್ಳಿ.

ಕಂಕನಾಡಿ_ಲೆಕ್ಕ
ನಾನು ಮದ್ದಿನವ ಅಲ್ಲ, ಲೆಕ್ಕದವ, ಕ್ರಯದ ವಿಷಯ ಮಾತ್ರ ಹೇಳ್ತೇನೆ. ಕುಡ್ಲದಲ್ಲಿ ಈಗ ಕಂಡಲ್ಲೆಲ್ಲ "ಜನೆರಿಕ್, 80% ರಿಯಾಯಿತಿ" ಅಂತ ಬೋರ್ಡು. ಒಂದು ಸ್ಟ್ರಿಪ್ಪಿಗೆ ಎಂಆರ್‌ಪಿ 100 ಅಂತ ಮುದ್ರಿಸಿರ್ತಾರೆ, ಅಂಗಡಿಗೆ ಅದು ಬರುವುದೇ 15, 20ಕ್ಕೆ. ನಿಮ್ಗೆ 30ಕ್ಕೆ ಕೊಟ್ರೆ 70% ರಿಯಾಯಿತಿ, ಅವ್ನಿಗೂ ಲಾಭ. ಅದೇ ಸ್ಟ್ರಿಪ್ಪನ್ನು ಇನ್ನೊಬ್ಬ 100ಕ್ಕೇ ಮಾರಿದ್ರೂ ಕಾನೂನಿನಲ್ಲಿ ತಪ್ಪಿಲ್ಲ, ಎಂಆರ್‌ಪಿ ಮೀರ್ಲಿಲ್ಲ ಅಲ್ವಾ! ಹಾಗಾಗಿ ರಿಯಾಯಿತಿ ಪರ್ಸೆಂಟ್ ನೋಡ್ಬೇಡಿ, ಒಂದು ಗುಳಿಗೆಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ. ಜನೌಷಧಿಯಲ್ಲಿ ಈ ಆಟ ಇಲ್ಲ, ಮುದ್ರಿಸಿದ ಕ್ರಯವೇ ಕಮ್ಮಿ.

ಕೆಲವಕ್ಕೆ ಬದಲಿಸಿಯೂ ಪ್ರಯೋಜನ ಇಲ್ಲ. ಆಸ್ಪಿರಿನ್ ಕಂಪೆನಿಯದ್ದೇ ಚಿಲ್ಲರೆ ದುಡ್ಡಿಗೆ ಸಿಗ್ತದೆ, ಅದ್ರಲ್ಲಿ ಎಂತ ಉಳಿಸುವುದು. ಅಗತ್ಯ ಮದ್ದಿನ ಪಟ್ಟಿಯಲ್ಲಿ ಇದ್ದದ್ದಕ್ಕೆ ಮದ್ದಿನ ಕ್ರಯ ನೋಡುವ ಕೇಂದ್ರದ ಪ್ರಾಧಿಕಾರ ಎನ್‌ಪಿಪಿಎ ಗರಿಷ್ಠ ಕ್ರಯ ಕಟ್ಟಿರ್ತದೆ, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕಂಪೆನಿ ವರ್ಷಕ್ಕೆ 10%ವರೆಗೆ ಏರಿಸ್ಬಹುದು. ಫಾರ್ಮಾ ಸಹೀ ದಾಮ್ ಅಂತ ಅವ್ರದ್ದೇ ಆ್ಯಪ್ ಉಂಟು, ಹೆಸರು ಹಾಕಿದ್ರೆ ಕ್ರಯ ತೋರಿಸ್ತದೆ. ಮತ್ತೆ 2025 ಸೆಪ್ಟೆಂಬರ್ 22ರಿಂದ ಮದ್ದಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ.

ಪೇಟೆಂಟ್ ಮುಗಿದ್ರೆ ಎಂತ ಆಗ್ತದೆ ಅಂತ ನೋಡ್ಬೇಕಾದ್ರೆ ಶುಗರಿನ ಎಂಪಾಗ್ಲಿಫ್ಲೋಜಿನ್ ನೋಡಿ. ನನ್ನ ಭಾವ ತಿನ್ನುವುದು ಅದನ್ನು. ಒಂದು ಗುಳಿಗೆ 60 ರೂಪಾಯಿ ಹತ್ರ ಇತ್ತು. 2025 ಮಾರ್ಚ್ 11ಕ್ಕೆ ಪೇಟೆಂಟ್ ಮುಗೀತು, ಬೇರೆ ಕಂಪೆನಿಗಳದ್ದು 10 ರೂಪಾಯಿ ಆಸುಪಾಸಿಗೆ ಬಂತು. ಭಾವ ಮಾತ್ರ ಇನ್ನೂ ಹಳೆ ಚೀಟಿ ಹಿಡ್ಕೊಂಡು ಹಳೆಯದ್ದನ್ನೇ ತರ್ತಾರೆ, ಹೇಳಿದ್ರೆ ಕೋಪ.

ಆನ್‌ಲೈನ್_ಅಣ್ಣ
ಇಷ್ಟೆಲ್ಲ ತಲೆಬಿಸಿ ಯಾಕೆ? ಒಂದು ಟೆಲಿಗ್ರಾಂ ಗ್ರೂಪ್ ಉಂಟು, ಚೀಟಿಯೂ ಬೇಡ, ಬಿಲ್ಲೂ ಬೇಡ, ಅರ್ಧ ಕ್ರಯಕ್ಕೆ ಮನೆಗೇ ಬರ್ತದೆ. ನಿದ್ರೆ ಮಾತ್ರೆಯೂ ಸಿಗ್ತದೆ. ಬೇಕಾದವ್ರು ಮೆಸೇಜ್ ಮಾಡಿ.

ಕೌಂಟರ್_ಹಿಂದಿನವ
ಅಣ್ಣ, ದಯವಿಟ್ಟು ಇದನ್ನು ಇಲ್ಲಿ ಹಂಚಬೇಡಿ. ಚೀಟಿ ಬೇಡ ಅಂದ್ರೆ ಅಲ್ಲೇ ಗೊತ್ತಾಗ್ತದೆ ಅವ ಲೈಸೆನ್ಸ್ ಇದ್ದವ ಅಲ್ಲ ಅಂತ. ನಿದ್ರೆಯದ್ದು ಆಲ್‌ಪ್ರಜೋಲಾಮ್, ಜೋಲ್ಪಿಡೆಮ್ ಎಲ್ಲ ಶೆಡ್ಯೂಲ್ ಎಚ್1, ಎಚ್‌ಗಿಂತಲೂ ಬಿಗಿ ಪಟ್ಟಿ ಅದು. 2014 ಮಾರ್ಚಿನಿಂದ ಅದಕ್ಕೆ ಬೇರೆಯೇ ಪುಸ್ತಕ ಇಡ್ಬೇಕು ನಾವು, ಡಾಕ್ಟ್ರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟದ್ದು ಎಲ್ಲ ಬರ್ದು ಮೂರು ವರ್ಷ ಇಡ್ಬೇಕು. ದೊಡ್ಡ ಆ್ಯಂಟಿಬಯೋಟಿಕ್, ಟಿಬಿ ಮದ್ದು ಸಹ ಅದ್ರಲ್ಲೇ. ನನ್ನತ್ರ ಪುಸ್ತಕ ಇಡಿಸ್ತಾರೆ, ಟೆಲಿಗ್ರಾಂನವ ಎಲ್ಲಿಂದ ತರ್ತಾನೆ ಅಂತ ಯೋಚನೆ ಮಾಡಿ. ಬಿಲ್ ಇಲ್ಲದಿದ್ರೆ ಬ್ಯಾಚ್ ನಂಬರ್ ಇಲ್ಲ, ಬ್ಯಾಚ್ ನಂಬರ್ ಇಲ್ಲದಿದ್ರೆ ನಾಳೆ ಆ ಬ್ಯಾಚ್ ಕೆಟ್ಟದ್ದು ಅಂತ ಪೇಪರಿನಲ್ಲಿ ಬಂದ್ರೂ ನಿಮ್ಗೆ ಗೊತ್ತಾಗುದಿಲ್ಲ.

ಸುರತ್ಕಲ್_ಗಾಳಿ
ಹಾಗಾದ್ರೆ ಆನ್‌ಲೈನ್ ಆ್ಯಪ್‌ನವ್ರು? ಚೀಟಿ ಫೋಟೋ ಹಾಕಿ ಅಂತ ಕೇಳ್ತಾರಲ್ಲ ಅವ್ರು.

ಕೌಂಟರ್_ಹಿಂದಿನವ
ಅದು ಸ್ವಲ್ಪ ತ್ರಿಶಂಕು ಸ್ಥಿತಿ. 2018 ಆಗಸ್ಟಿನಲ್ಲಿ ಕೇಂದ್ರ ಇ-ಫಾರ್ಮಸಿಗೆ ಅಂತ ಕರಡು ನಿಯಮ ತಂತು, ಅದೇ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟ್ ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟ ನಿಲ್ಲಿಸಿ ಅಂತ ಹೇಳಿತು. ದೊಡ್ಡವ್ರು ಲೈಸೆನ್ಸ್ ಇರುವ ಅಂಗಡಿಯ ಮೂಲಕ ಕೊಡ್ತೇವೆ ಅಂತ ನಡೆಸ್ತಾರೆ. ತೆಗೊಳ್ಳುವುದಾದ್ರೆ ಬಿಲ್ಲಿನಲ್ಲಿ ಯಾವ ಅಂಗಡಿ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ಇದಿಷ್ಟು ಉಂಟಾ ನೋಡಿ. ನಾನು ಅಂಗಡಿಯವ, ನನ್ನ ಮಾತಿನಲ್ಲಿ ಸ್ವಾರ್ಥ ಉಂಟು ಅಂತ ಬೇಕಾದ್ರೆ ಹೇಳಿ, ಆದ್ರೆ ಇನ್ಸುಲಿನ್ ಮಾತ್ರ ಪಾರ್ಸೆಲಿನಲ್ಲಿ ತರ್ಸಬೇಡಿ, ಏಪ್ರಿಲ್ ತಿಂಗಳ ನಮ್ಮ ಸೆಕೆಯಲ್ಲಿ ಡೆಲಿವರಿ ಹುಡುಗನ ಬ್ಯಾಗಿನಲ್ಲಿ ನಾಲ್ಕು ಗಂಟೆ ಬೆಂದು ಬರ್ತದೆ ಅದು.

ದುಬೈ_ಟು_ಬಜ್ಪೆ
ನಮ್ಮಂಥವ್ರ ವಿಷಯವೂ ಸ್ವಲ್ಪ ಹೇಳಿ. ನಾನು ಊರಿಗೆ ಬಂದಾಗ ಅಪ್ಪ ಅಮ್ಮನಿಗಿಂತ ಹೆಚ್ಚು ಮದ್ದಿನ ಅಂಗಡಿಯವ್ರನ್ನೇ ನೋಡುವುದು, ನನ್ನದು, ರೂಮಿನವ್ರದ್ದು ಎಲ್ಲ ಸೇರಿ ಆರು ತಿಂಗಳದ್ದು ತೆಗೊಂಡು ಹೋಗುವುದು. ಹೋದ ಸಲ ರೂಮಿನವ ಸೊಂಟ ನೋವಿಗೆ ಅಂತ ಟ್ರಾಮಡಾಲ್ ತರ್ಲಿಕ್ಕೆ ಹೇಳಿದ್ದ, ಅಂಗಡಿಯವ್ರು ಕೊಡ್ಲೇ ಇಲ್ಲ. ಆಗ ಸಿಟ್ಟು ಬಂದಿತ್ತು ನನಗೆ.

ಕೌಂಟರ್_ಹಿಂದಿನವ
ಆ ಅಂಗಡಿಯವ್ರಿಗೆ ಮುಂದಿನ ಸಲ ಒಂದು ಡಬ್ಬ ಖರ್ಜೂರ ತಂದು ಕೊಡಿ. ಟ್ರಾಮಡಾಲ್ ನಮ್ಮಲ್ಲೇ 2018ರಿಂದ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯೊಳಗೆ ಬಂದಿದೆ. ಯುಎಇಯಲ್ಲಿ ಟ್ರಾಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಆಲ್‌ಪ್ರಜೋಲಾಮ್ ಇದಕ್ಕೆಲ್ಲ ಅಲ್ಲಿನ ಸರಕಾರದಿಂದ ಮೊದಲೇ ಅನುಮತಿ ಬೇಕು, ಇಲ್ಲದೆ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ರೆ ಜೈಲೂ ಆಗ್ಬಹುದು. ಬೇರೆಯವ್ರ ಮದ್ದು ನಿಮ್ಮ ಬ್ಯಾಗಿನಲ್ಲಿ ಬೇಡವೇ ಬೇಡ, ಎಷ್ಟು ಹತ್ತಿರದ ಸ್ನೇಹಿತ ಆದ್ರೂ. ನಿಮ್ಮ ಬಿಪಿ ಶುಗರಿನದ್ದಾದ್ರೆ ನಿಮ್ಮದೇ ಹೆಸರಿನ ಚೀಟಿ, ಸಾಲ್ಟ್ ಹೆಸರು ಬರ್ದದ್ದು, ಬಿಲ್, ಮದ್ದು ಪೆಟ್ಟಿಗೆ ಸಮೇತ. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿ ಹೋದ್ರೆ ಅದು ಎಂತ ಗುಳಿಗೆ ಅಂತ ಯಾರಿಗೆ ಗೊತ್ತಾಗ್ತದೆ?

ಪಡುಬಿದ್ರಿ_ಅಕ್ಕ
ಡಬ್ಬಿ ಅಂದ ಕೂಡ್ಲೇ ನೆನಪಾಯ್ತು. ಆಟಿ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಉಪ್ಪೇ ನೀರಾಗ್ತದೆ, ಮದ್ದು ಬಿಡಿಸಿ ಡಬ್ಬಿಯಲ್ಲಿ ಇಟ್ರೆ ಕೆಡುದಿಲ್ವಾ?

ಕೌಂಟರ್_ಹಿಂದಿನವ
ಕೆಡ್ತದೆ. ಆಸ್ಪಿರಿನ್ ತೇವ ಹಿಡಿದ್ರೆ ಮೂಸಿ ನೋಡಿ, ವಿನೆಗರ್ ವಾಸನೆ ಬರ್ತದೆ, ಅಂಥದ್ದು ಬಿಸಾಡಿ. ಫ್ರಿಜ್ ಮೇಲೆ, ಒಲೆ ಹತ್ರ, ಬಚ್ಚಲಿನ ಕಪಾಟಿನಲ್ಲಿ ಇಡ್ಬೇಡಿ. ಬಿಡಿ ತೆಗೊಳ್ಳುವಾಗ ಎಕ್ಸ್‌ಪೈರಿ, ಬ್ಯಾಚ್ ಮುದ್ರಿಸಿದ ತುದಿ ಉಳಿಯುವ ಹಾಗೆ ಕತ್ತರಿಸಿ ಕೊಡಿ ಅಂತ ಅಂಗಡಿಯಲ್ಲಿ ಕೇಳಿ. ಎಕ್ಸ್‌ಪೈರಿ 06/2027 ಅಂತ ಇದ್ರೆ ಜೂನ್ ಕೊನೆಯ ದಿನದವರೆಗೆ ಲೆಕ್ಕ.

ಬ್ರಹ್ಮಾವರ_ಬಸ್ಸು
ಯಾರೂ ಹೇಳ್ಲಿಲ್ಲ ಅಂತ ಹೇಳ್ತಾ ಇದ್ದೇನೆ, ಬಿಪಿ ಶುಗರಿನ ಸಾದಾ ಮದ್ದು, ಅಮ್ಲೋಡಿಪಿನ್, ಮೆಟ್‌ಫಾರ್ಮಿನ್ ಅಂಥದ್ದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಧರ್ಮಕ್ಕೇ ಕೊಡ್ತಾರೆ. ಉಡುಪಿಯ ಅಜ್ಜರಕಾಡು, ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಗೂ ಹೋಗ್ಬಹುದು. ನಮ್ಮ ಚಿಕ್ಕಮ್ಮ ತಿಂಗಳಿಗೊಮ್ಮೆ ಹೋಗಿ ಬಿಪಿ ನೋಡಿಸಿ ಮದ್ದು ತರ್ತಾರೆ, ಜೊತೆಗೆ ಊರಿನ ಸುದ್ದಿಯೂ. ನಮ್ಮವ್ರಿಗೆ ಅಲ್ಲಿಗೆ ಹೋಗ್ಲಿಕ್ಕೆ ಮರ್ಯಾದೆ ಪ್ರಶ್ನೆ.

ಮತ್ತೆ ಸರಕಾರಿ ಆಸ್ಪತ್ರೆ ಒಳಗಿನ ಜನೌಷಧಿ ಮುಚ್ಚುವುದು ಅಂತ 2025 ಮೇಯಲ್ಲಿ ರಾಜ್ಯ ಸರಕಾರ ಆದೇಶ ಮಾಡಿ ಅದು ಹೈಕೋರ್ಟಿಗೆ ಹೋಯ್ತಲ್ಲ, ಅದು ಆಸ್ಪತ್ರೆ ಆವರಣದ್ದು ಮಾತ್ರ. ಹೊರಗಿನ ಅಂಗಡಿಗಳಿಗೆ ಆ ಆದೇಶ ಇರ್ಲಿಲ್ಲ. ಎಲ್ಲಿ ಉಂಟು ಅಂತ ಗೊತ್ತಿಲ್ಲದವ್ರು ಜನೌಷಧಿ ಸುಗಮ್ ಆ್ಯಪ್ ಹಾಕಿ, ಹತ್ತಿರದ್ದನ್ನು ತೋರಿಸ್ತದೆ, ಸಾಲ್ಟ್ ಹೆಸರು ಹಾಕಿದ್ರೆ ಕ್ರಯವೂ ಬರ್ತದೆ. ದಯವಿಟ್ಟು ಇದನ್ನು ರಾಜಕೀಯ ಮಾಡ್ಬೇಡಿ.

ಕುಂದಾಪ್ರ_ಹೈದ
ರಾಜಕೀಯ ಇಲ್ಲ ಮಾರ್ರೆ. ಒಂದೇ ಪ್ರಶ್ನೆ, ಬದಲಿಸಿದ ಮೇಲೆ ಮೈಯಲ್ಲಿ ತುರಿಕೆ, ವಾಂತಿ ಹೀಗೆಲ್ಲ ಆದ್ರೆ ಯಾರಿಗೆ ಹೇಳುವುದು?

ವಾರ್ಡ್_ಡ್ಯೂಟಿ
ಮೊದಲು ಡಾಕ್ಟ್ರಿಗೆ. ಮದ್ದಿನ ಅಡ್ಡ ಪರಿಣಾಮ ದಾಖಲಿಸ್ಲಿಕ್ಕೆ ದೇಶದ್ದೇ ಒಂದು ವ್ಯವಸ್ಥೆ ಉಂಟು, 1800 180 3024 ಟೋಲ್ ಫ್ರೀ, ರೋಗಿಯೇ ಫೋನ್ ಮಾಡಿ ಹೇಳ್ಬಹುದು. ಮದ್ದೇ ನಕಲಿ ಅಂತ ಸಂಶಯ ಬಂದ್ರೆ ಔಷಧ ನಿಯಂತ್ರಣ ಇಲಾಖೆಗೆ ಹೇಳ್ಬೇಕು. ಎರಡಕ್ಕೂ ಸ್ಟ್ರಿಪ್ ಬಿಸಾಡ್ಬೇಡಿ, ಬಿಲ್ ಬಿಸಾಡ್ಬೇಡಿ. ಹೆಚ್ಚು ಮಾರಾಟ ಆಗುವ 300 ಬ್ರಾಂಡಿಗೆ 2023 ಆಗಸ್ಟಿನಿಂದ ಕ್ಯುಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯ ಮಾಡಿದ್ದಾರೆ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಬ್ಯಾಚ್ ಸರಿಯಾ ಅಂತ ತಾಳೆ ನೋಡ್ಬಹುದು.

ಮಳೆಗಾಲ ಅಲ್ವಾ, ಇದೊಂದನ್ನೂ ಹೇಳಿ ಮಲಗ್ತೇನೆ: ಜ್ವರ ಬಂದ್ರೆ ಅಂಗಡಿಗೆ ಹೋಗಿ "ಒಂದು ಆ್ಯಂಟಿಬಯೋಟಿಕ್ ಕೊಡಿ" ಅಂತ ಕೇಳ್ಬೇಡಿ. ನಮ್ಮ ಕಡೆ ಡೆಂಗಿ, ಮಲೇರಿಯ, ಇಲಿಜ್ವರ ಮೂರೂ ಉಂಟು, ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಡೆಂಗಿ ಸಂಶಯ ಇದ್ರೆ ನೋವಿನ ಗುಳಿಗೆ ಬ್ರೂಫೆನ್ ಅಂತೂ ಮುಟ್ಟಬೇಡಿ. ಆಸ್ಪಿರಿನೂ ಹಾಗೇ, ಆದ್ರೆ ಸ್ಟೆಂಟ್ ಇದ್ದವ್ರು ದಿನಾ ತಿನ್ನುವುದನ್ನು ತಾವೇ ನಿಲ್ಲಿಸ್ಬೇಡಿ, ಕೂಡ್ಲೇ ಡಾಕ್ಟ್ರಿಗೆ ತೋರಿಸಿ ಕೇಳಿ.

ಸುರತ್ಕಲ್_ಗಾಳಿ
ಹನ್ನೆರಡು ದಿನ ಆಯ್ತು, ಎಂತ ಆಯ್ತು ಅಂತ ಹೇಳ್ತೇನೆ. ಅಪ್ಪನನ್ನೇ ಕರ್ಕೊಂಡು ಡಾಕ್ಟ್ರತ್ರ ಹೋದೆ. ಏಳು ಗುಳಿಗೆಯನ್ನೂ ತೊಟ್ಟೆ ಸಮೇತ ಮೇಜಿನ ಮೇಲೆ ಸುರಿದೆ. ಡಾಕ್ಟ್ರು ಬೈಲಿಲ್ಲ, ನಕ್ಕರು. ಒಂದೊಂದೇ ನೋಡಿ ಗ್ಯಾಸಿನ ಗುಳಿಗೆ ಇನ್ನು ಬೇಡ ಅಂತ ತೆಗ್ದೇಬಿಟ್ರು, ಎರಡು ವರ್ಷದಿಂದ ಸುಮ್ಮನೆ ತಿನ್ನುತ್ತಾ ಇದ್ದದ್ದು! ಉಳಿದ ಆರರಲ್ಲಿ ನಾಲ್ಕನ್ನು ಸಾಲ್ಟ್ ಹೆಸರಲ್ಲಿ, ದೊಡ್ಡ ಅಕ್ಷರದಲ್ಲಿ, ಮೂರು ತಿಂಗಳಿಗೆ ಅಂತ ಬರ್ದು ಕೊಟ್ರು. ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಸದ್ಯಕ್ಕೆ ಹಳೆಯದ್ದೇ ಇರ್ಲಿ ಅಂದ್ರು. ಮೆಟೊಪ್ರೊಲಾಲ್ ಸಕ್ಸಿನೇಟ್ ಅಂತ ನಾನೇ ಕೇಳಿ ಬರ್ಸಿಕೊಂಡೆ, "ನೀವು ಎಲ್ಲಿ ಓದಿದ್ದು" ಅಂತ ಕೇಳಿದ್ರು.

ಬಿಲ್ 1,150. ಒಂದು ತಿಂಗಳು ಬಿಟ್ಟು ಬಿಪಿ, ಶುಗರ್ ನೋಡಿಸ್ಲಿಕ್ಕೆ ಹೇಳಿದ್ದಾರೆ.

ಹಳೆ ಸ್ಟ್ರಿಪ್ ಎಲ್ಲ ಅಕ್ಕ ಹೇಳಿದ ಹಾಗೆ ನನ್ನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಅಪ್ಪ ಹೊಸ ಗುಳಿಗೆ ಬೆಳಕಿಗೆ ಹಿಡಿದು ಎರಡು ನಿಮಿಷ ನೋಡಿ, "ಗಾತ್ರ ಸ್ವಲ್ಪ ಸಣ್ಣ ಉಂಟಲ್ಲ" ಅಂದ್ರು.

ಪಡುಬಿದ್ರಿ_ಅಕ್ಕ
ನಮ್ಮ ಅತ್ತೆಯೂ ಅದನ್ನೇ ಹೇಳಿದ್ದು 😄 ಕೀ ಎಲ್ಲಿಟ್ಟಿದ್ದೀರಿ ಅಂತ ಅಪ್ಪನಿಗೆ ಗೊತ್ತಾ?

ಸುರತ್ಕಲ್_ಗಾಳಿ
ದೇವರ ಕೋಣೆಯಲ್ಲಿ. ಅಲ್ಲಿಗೆ ಅವ್ರು ಸ್ನಾನ ಮಾಡದೆ ಹೋಗುದಿಲ್ಲ, ಮದ್ದು ತಿನ್ನುವುದು ಸ್ನಾನಕ್ಕೆ ಮೊದಲು.